ಕಾಫಿ ಬೀಜದಂಥ ಮಣಿ, ಮನೆಯಲ್ಲೇ ಮಾಡಿ: ಪಾಲಿಮರ್ ಕ್ಲೇ ಆಭರಣದ ಪೂರ್ತಿ ಪಾಠ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಕಡೆಯಿಂದ ಕೇಳ್ತಾ ಇರೋರಿಗೆ ಇವತ್ತಿನ ಸಂಚಿಕೆ ಸ್ವಲ್ಪ ಹೆಚ್ಚು ಹತ್ತಿರದ್ದು. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಬಿಡದ ಊರುಗಳು ಇವು. ತೋಟದ ಕೆಲಸ ಕಡಿಮೆ, ಹೊರಗೆ ಓಡಾಟವೂ ಕಡಿಮೆ. ಆ ಹೊತ್ತಿನಲ್ಲಿ ಊಟದ ಟೇಬಲ್ಲಿನ ಒಂದು ಮೂಲೆಯಲ್ಲೇ ಕೂತು ಮಾಡಬಹುದಾದ ಕೈಕೆಲಸ ಒಂದಿದೆ. ಅದೇ ಪಾಲಿಮರ್ ಕ್ಲೇ ಮಣಿ, ಮತ್ತು ಆ ಮಣಿಗಳಿಂದ ಸರ, ಓಲೆ, ಬಳೆ.

ಇನ್‌ಸ್ಟಾಗ್ರಾಮ್‌ನಲ್ಲಿ ಇದರ ವಿಡಿಯೊಗಳನ್ನ ನೀವು ನೋಡೇ ಇರ್ತೀರಿ. ಮೂವತ್ತು ಸೆಕೆಂಡಿನಲ್ಲಿ ಉಂಡೆ ಕಟ್ಟಿ, ಓವನ್‌ಗೆ ಹಾಕಿ, ಹೊಳೆಯೋ ಓಲೆ ತೆಗೆದುಬಿಡ್ತಾರೆ. ಆ ವಿಡಿಯೊ ನಂಬಿ ಮಾಡಿದ ಮಣಿ ಎರಡೇ ವಾರಕ್ಕೆ ಮುರಿದರೆ? ಅದನ್ನು ದುಡ್ಡು ಕೊಟ್ಟು ಕೊಂಡವರು ವಾಪಸ್ ತಂದರೆ? ಓವನ್‌ನಿಂದ ಘಾಟು ಹೊಗೆ ಬಂದರೆ? ವಿಡಿಯೊದಲ್ಲಿ ಹೇಳದ ಭಾಗವನ್ನ ಇವತ್ತು ನಿಧಾನಕ್ಕೆ ನೋಡೋಣ.

ಹೆಸರಿಗೆ ಕ್ಲೇ, ಆದರೆ ಮಣ್ಣಲ್ಲ

ಮೊದಲನೇ ವಿಷಯ: ಪಾಲಿಮರ್ ಕ್ಲೇಯಲ್ಲಿ ಜೇಡಿಮಣ್ಣಿನ ಅಂಶವೇ ಇರಬೇಕಿಲ್ಲ. ಅದು ಪಿವಿಸಿ. ನಮ್ಮ ಮನೆಯ ನೀರಿನ ಪೈಪು ಯಾವುದರಿಂದ ಆಗಿದೆಯೋ ಅದೇ ಜಾತಿಯ ಪ್ಲಾಸ್ಟಿಕ್ಕು, ಆದರೆ ಬಹಳ ನುಣ್ಣನೆಯ ಪುಡಿಯ ರೂಪದಲ್ಲಿ. ಆ ಪುಡಿಗೆ ಪ್ಲಾಸ್ಟಿಸೈಜರ್ ಅನ್ನೋ ಎಣ್ಣೆಯಂಥ ದ್ರವ, ಬಣ್ಣ, ಒಂದಿಷ್ಟು ಭರ್ತಿ ಪದಾರ್ಥ ಸೇರಿಸಿ ಕಲಸಿರ್ತಾರೆ. ಹಾಗಾಗಿ ಅದು ಚಪಾತಿ ಹಿಟ್ಟಿನ ಹಾಗೆ ಮೆತ್ತಗಿರುತ್ತೆ.

ಮಡಕೆ ಮಾಡೋ ಮಣ್ಣು ಗಾಳಿಗೆ ಒಣಗುತ್ತೆ, ಆಮೇಲೆ ಆವಿಗೆಯಲ್ಲಿ ಸುಡಬೇಕು. ಪಾಲಿಮರ್ ಕ್ಲೇ ಹಾಗಲ್ಲ, ಅದರಲ್ಲಿ ಒಣಗೋಕೆ ನೀರೇ ಇಲ್ಲ. ಬಿಸಿ ತಾಗಿದಾಗ ಪಿವಿಸಿ ಕಣಗಳು ಆ ಎಣ್ಣೆಯನ್ನು ಹೀರಿಕೊಂಡು ಉಬ್ಬಿ, ಒಂದಕ್ಕೊಂದು ಬೆಸೆದುಕೊಳ್ತವೆ. ಬ್ರ್ಯಾಂಡ್ ನೋಡಿಕೊಂಡು ಇದಕ್ಕೆ ಬೇಕಾದ ಶಾಖ ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್. ಕಣಗಳು ಪೂರ್ತಿ ಬೆಸೆದರೆ ಮಣಿ ಗಟ್ಟಿ. ಅರ್ಧಂಬರ್ಧ ಬೆಸೆದರೆ ಹೊರಗಿಂದ ಗಟ್ಟಿಯಾಗಿ ಕಂಡರೂ ಒಳಗೆ ಬಿಸ್ಕತ್ತಿನ ಹಾಗೆ ಪುಡಿಪುಡಿ. ಮುರಿಯೋ ಮಣಿಗಳ ಮುಖ್ಯ ಕಾರಣ ಇದೇ.

ಇದರ ಇತಿಹಾಸವೂ ಚಿಕ್ಕದಾಗಿ ಕೇಳಿ. ಜರ್ಮನಿಯಲ್ಲಿ ಕೇಟೆ ಕ್ರೂಸೆ ಅನ್ನೋ ಹೆಸರಾಂತ ಬೊಂಬೆ ತಯಾರಕಿ ಇದ್ದರು. ಅವರ ಮಗಳು ಸೋಫಿ ಈ ಥರದ ಮೆತ್ತನೆ ಪ್ಲಾಸ್ಟಿಕ್ಕನ್ನ ಮನೆಯಲ್ಲಿ ಕಲಾಕೆಲಸಕ್ಕೆ ಬಳಸೋ ಹಾಗೆ ರೂಪಿಸಿದರು. 1964ರಲ್ಲಿ ಅದನ್ನು ಎಬರ್‌ಹಾರ್ಡ್ ಫಾಬರ್ ಕಂಪನಿಗೆ ಮಾರಿದರು. ಅದೇ ಮುಂದೆ ಫಿಮೊ ಅನ್ನೋ ಹೆಸರಲ್ಲಿ ಬಂತು. ಅಮೆರಿಕದಲ್ಲಿ ಸ್ಕಲ್ಪಿ ಅನ್ನೋದು ಶುರುವಾಗಿದ್ದೂ 1960ರ ದಶಕದಲ್ಲೇ. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಹುಡುಕಿದರೆ ಈ ಎರಡು ಹೆಸರು ಸಿಗ್ತವೆ.

ಮಣಿ ನಮಗೆ ಹೊಸದಲ್ಲ

ಕರಿಮಣಿಯ ಬಗ್ಗೆ ಹೇಳೋದೇ ಬೇಡ. ಪಕ್ಕದ ಕೊಡಗಿನಲ್ಲಿ ಜೋಮಾಲೆ ಇದೆ. ಅದರ ಚಿನ್ನದ ಗುಂಡುಗಳ ಒಳಗೆ ಅರಗು ತುಂಬಿರ್ತಾರೆ. ಮೇಲೆ ತೆಳು ಚಿನ್ನ, ಒಳಗೆ ಅಗ್ಗದ ಭರ್ತಿ. ಪಾಲಿಮರ್ ಕ್ಲೇ ಮಾಡೋರೂ ಇದೇ ಉಪಾಯ ಬಳಸ್ತಾರೆ. ಉಳಿದ ಚೂರುಪಾರು ಬಣ್ಣಗಳನ್ನೆಲ್ಲ ಕಲಸಿ ಒಳಗಿನ ಉಂಡೆ ಮಾಡಿ, ಮೇಲೆ ಮಾತ್ರ ಒಳ್ಳೆ ಬಣ್ಣದ ತೆಳು ಹಾಳೆ ಸುತ್ತೋದು.

ಗುಲಗಂಜಿ ಗೊತ್ತಲ್ವಾ? ಕೆಂಪು ಮೈ, ಕಪ್ಪು ಚುಕ್ಕೆ. ಹಿಂದೆ ಚಿನ್ನ ತೂಗೋಕೆ ಅಕ್ಕಸಾಲಿಗರು ಬಳಸ್ತಿದ್ದ ಬೀಜ. ಅದನ್ನು ಪೋಣಿಸಿ ಸರ ಮಾಡೋದೂ ಇದೆ. ಆದರೆ ಗುಲಗಂಜಿಯ ಒಳಗೆ ಅಬ್ರಿನ್ ಅನ್ನೋ ಬಹಳ ಘೋರ ವಿಷ ಇದೆ. ಗಟ್ಟಿ ಸಿಪ್ಪೆ ಇರೋ ತನಕ ಅದು ಒಳಗೇ ಇರುತ್ತೆ. ಪೋಣಿಸೋಕೆ ಅಂತ ತೂತು ಕೊರೆದ ಕೂಡಲೇ ಆ ರಕ್ಷಣೆ ಹೋಯ್ತು. ಮಗು ಬಾಯಿಗೆ ಹಾಕಿಕೊಂಡು ಅಗಿದರೆ ಜೀವಕ್ಕೇ ಅಪಾಯ. ಹಾಗಾಗಿ ಗುಲಗಂಜಿ ಸರದ ಆಸೆ ಇದ್ದರೆ ನಿಜವಾದ ಬೀಜ ಕೊರೀಬೇಡಿ. ಕೆಂಪು, ಕಪ್ಪು ಕ್ಲೇಯಲ್ಲಿ ಹಾಗೇ ಕಾಣೋ ಮಣಿ ಮಾಡಿ. ಅದನ್ನೂ ಪುಟ್ಟ ಮಕ್ಕಳ ಕೈಗೆ ಕೊಡಬೇಡಿ, ಯಾಕಂದ್ರೆ ಯಾವ ಚಿಕ್ಕ ಮಣಿಯೂ ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಇವತ್ತು ನಾವು ಕಲಿಯೋದು ಏಳು ಕಾಫಿ ಬೀಜದ ಸರ. ಏಳೇ ಯಾಕೆ ಅಂತ ಗಿರಿ ಸೀಮೆಯವರಿಗೆ ಹೇಳಬೇಕಿಲ್ಲ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿನ ಗಿರಿಯಲ್ಲಿ ನೆಟ್ಟರು ಅನ್ನೋ ಕಥೆ ಎಲ್ಲರಿಗೂ ಗೊತ್ತು. 2019ರಲ್ಲಿ ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ ಭೌಗೋಳಿಕ ಸೂಚಕ, ಅಂದ್ರೆ ಜಿಐ ಮಾನ್ಯತೆ ಸಿಕ್ಕಿದೆ. ಪ್ರವಾಸಕ್ಕೆ ಬಂದವರು ಕಾಫಿ ಪುಡಿ ಜೊತೆ ಊರಿನ ನೆನಪಿಗೆ ಇನ್ನೇನಾದರೂ ಒಯ್ಯೋದಾದ್ರೆ, ಈ ಸರದ ಹಿಂದೆ ಹೇಳೋಕೆ ಒಂದು ಕಥೆಯೂ ಇರುತ್ತೆ.

ಏನೇನು ಬೇಕು?

ಪಟ್ಟಿ ಚಿಕ್ಕದು. ಕಂದು, ಕಪ್ಪು, ಬಿಳಿ, ಹಸಿರು ಕ್ಲೇ ಒಂದೊಂದು ಪ್ಯಾಕೆಟ್. ಸಾಮಾನ್ಯವಾಗಿ ಚಿಕ್ಕ ಪ್ಯಾಕೆಟ್ 57 ಗ್ರಾಂ ಇರುತ್ತೆ. ಕಾಫಿ ಬೀಜದಷ್ಟು ಮಣಿಗೆ ಹೆಚ್ಚುಕಮ್ಮಿ 1 ಗ್ರಾಂ ಸಾಕು, ಅಂದ್ರೆ ಒಂದು ಪ್ಯಾಕೆಟ್‌ಗೆ ಸುಮಾರು 50 ಮಣಿ. ಕೆಲಸ ಮಾಡೋಕೆ ನುಣುಪಾದ ಟೈಲ್ಸ್ ಚೂರು. ಲಟ್ಟಿಸೋಕೆ ಗಾಜಿನ ಬಾಟಲಿ ಆದರೂ ಆಗುತ್ತೆ, ಅಡುಗೆಮನೆಯ ಲಟ್ಟಣಿಗೆ ಬೇಡ. ಕತ್ತರಿಸೋಕೆ ತೆಳು ಬ್ಲೇಡು, ತೂತಿಗೆ ದಪ್ಪ ಸೂಜಿ, ಗೀರು ಹಾಕೋಕೆ ಹಲ್ಲುಕಡ್ಡಿ. ಬೇಯಿಸೋಕೆ ಓಟಿಜಿ, ಮತ್ತು ಓವನ್ ಒಳಗಿಡೋ ಚಿಕ್ಕ ಥರ್ಮಾಮೀಟರ್.

ಥರ್ಮಾಮೀಟರ್ ಬೇಕೇ ಬೇಕಾ ಅಂತ ಕೇಳ್ತೀರಿ. ಬೇಕೇ ಬೇಕು. ಓಟಿಜಿಯ ಗುಂಡಿ 130 ಅಂತ ತೋರಿಸಿದರೂ ಒಳಗೆ ನಿಜವಾಗಿ 110 ಇರಬಹುದು, 160 ಕೂಡ ಇರಬಹುದು. ಎರಡೂ ಕಷ್ಟವೇ.

ಇನ್ನೊಂದು ಎಚ್ಚರಿಕೆ. ಬೇಯಿಸದ ಕ್ಲೇ ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನ ಮತ್ತು ಮೇಜಿನ ಪಾಲಿಶನ್ನ ತಿಂದುಹಾಕುತ್ತೆ. ಅದರೊಳಗಿನ ಪ್ಲಾಸ್ಟಿಸೈಜರ್ ಅವುಗಳನ್ನ ಮೆತ್ತಗೆ ಮಾಡಿ ಅಂಟಂಟು ಮಾಡುತ್ತೆ. ತಳದಲ್ಲಿ ತ್ರಿಕೋನದೊಳಗೆ 5 ಅಂತ ಬರೆದಿರೋ ಡಬ್ಬಿ ಆಗಬಹುದು, ಗಾಜಿನ ಡಬ್ಬಿಯೂ ಆಗಬಹುದು.

ನಾದೋದು: ಮಲೆನಾಡಿನ ಚಳಿಗೆ ಸ್ವಲ್ಪ ತಾಳ್ಮೆ

ಪ್ಯಾಕೆಟ್ ಬಿಚ್ಚಿದ ಕೂಡಲೇ ಉಂಡೆ ಕಟ್ಟಬಾರದು. ಮೊದಲು ಚೆನ್ನಾಗಿ ನಾದಬೇಕು. ಇಟ್ಟಲ್ಲೇ ಇದ್ದ ಕ್ಲೇ ಗಡುಸಾಗಿರುತ್ತೆ. ನಾದಿದಾಗ ಮತ್ತೆ ಒಂದೇ ಹದಕ್ಕೆ ಬರುತ್ತೆ. ನಾದದೆ ಮಾಡಿದ ಮಣಿಯಲ್ಲಿ ಬೇಯಿಸಿದ ಮೇಲೆ ಬಿರುಕು ಕಾಣಿಸ್ಕೊಳ್ಳುತ್ತೆ.

ಡಿಸೆಂಬರ್, ಜನವರಿಯ ಚಳಿಯಲ್ಲಿ ಕ್ಲೇ ಕಲ್ಲಿನ ಹಾಗಿರುತ್ತೆ. ಚಿಕ್ಕ ಚಿಕ್ಕ ಚೂರು ಮಾಡಿ, ಅಂಗೈ ಬಿಸಿಯಲ್ಲಿ ಒಂದೊಂದೇ ಹಿಸುಕಿ, ಆಮೇಲೆ ಸೇರಿಸಿ. ಒಲೆ ಪಕ್ಕ ಅಥವಾ ಬಿಸಿಲಲ್ಲಿ ಇಡೋ ಯೋಚನೆ ಬೇಡ. ಹೆಚ್ಚು ಹೊತ್ತು ಬಿಸಿಯಲ್ಲಿ ಇದ್ದರೆ ಕ್ಲೇ ಕೈಗೆ ಬರೋ ಮೊದಲೇ ಅರ್ಧ ಬೆಂದುಹೋಗುತ್ತೆ. ಬೇಸಿಗೆಯಲ್ಲಿ ಕೊರಿಯರ್ ವ್ಯಾನಿನೊಳಗೆ ಬೆಂದು ಬಂದ ಕ್ಲೇ ಎಷ್ಟು ನಾದಿದರೂ ಪುಡಿಪುಡಿಯೇ. ಹಾಗಾಗಿ ವರ್ಷಕ್ಕೆ ಬೇಕಾದ್ದನ್ನ ತಂಪು ದಿನಗಳಲ್ಲೇ ತರಿಸಿಕೊಳ್ಳೋದು ಜಾಣತನ. ತಂದಿಟ್ಟುಕೊಳ್ಳೋಕೆ ಗಿರಿ ಸೀಮೆಯ ಹವೆ ಬಯಲುಸೀಮೆಗಿಂತ ಅನುಕೂಲ. ತೀರಾ ಮೆತ್ತಗಿದ್ದು ಕೈಗೆ ಅಂಟ್ತಾ ಇದ್ರೆ ಬಿಳಿ ಹಾಳೆಯ ನಡುವೆ ಒತ್ತಿಟ್ಟು ಒಂದಷ್ಟು ಹೊತ್ತು ಬಿಡಿ. ಹೆಚ್ಚಿನ ಎಣ್ಣೆಯನ್ನ ಕಾಗದ ಹೀರಿಕೊಳ್ಳುತ್ತೆ.

ಬಣ್ಣದ ಸರದಿಯೂ ಮುಖ್ಯ. ಮೊದಲು ಬಿಳಿ, ಆಮೇಲೆ ತಿಳಿ ಬಣ್ಣ, ಕೊನೆಗೆ ಕೆಂಪು, ಕಪ್ಪು. ಕೆಂಪು ಮುಟ್ಟಿದ ಕೈಯಲ್ಲಿ ಬಿಳಿ ಮುಟ್ಟಿದರೆ ಅದು ಗುಲಾಬಿ ಆಗಿಬಿಡುತ್ತೆ.

ಬೀಜದ ಆಕಾರ

ಏಳೂ ಮಣಿ ಒಂದೇ ಗಾತ್ರ ಇರಬೇಕು ಅಂದ್ರೆ ಕಣ್ಣಳತೆ ಸಾಲದು. ಕ್ಲೇಯನ್ನ ಒಂದೇ ದಪ್ಪಕ್ಕೆ ಲಟ್ಟಿಸಿ, ಪೆನ್ನಿನ ಮುಚ್ಚಳದಂಥ ಒಂದೇ ದುಂಡು ಅಚ್ಚಿನಿಂದ ಏಳು ಬಿಲ್ಲೆ ತೆಗೀರಿ. ಒಂದು ಬಿಲ್ಲೆಗೆ ಒಂದು ಮಣಿ. ಚಿಕ್ಕದು ಅನ್ನಿಸಿದರೆ ಎಲ್ಲಕ್ಕೂ ಎರಡೆರಡು ಬಿಲ್ಲೆ.

ಬಿಲ್ಲೆಯನ್ನು ಅಂಗೈಯಲ್ಲಿ ಉರುಳಿಸಿ ಬಿರುಕಿಲ್ಲದ ಗುಂಡು ಮಾಡಿ. ನಿಧಾನಕ್ಕೆ ಒಂದೇ ದಿಕ್ಕಿನಲ್ಲಿ ಹೊರಳಿಸಿದರೆ ಗುಂಡು ಉದ್ದುದ್ದ ಆಗುತ್ತೆ. ಈಗ ಟೈಲ್ಸ್ ಮೇಲಿಟ್ಟು ಮೆಲ್ಲಗೆ ಒತ್ತಿ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಚಪ್ಪಟೆ ಬದಿಯಲ್ಲಿ ಹಲ್ಲುಕಡ್ಡಿಯಿಂದ ಉದ್ದಕ್ಕೂ ಗೀರು. ಮನೆಯಲ್ಲಿ ನಾಲ್ಕು ಬೀಜ ತಗೊಂಡು ನೋಡಿ. ಅರೇಬಿಕಾ ಬೀಜದ ಗೀರು ತುಸು ಬಳುಕಿರುತ್ತೆ, ರೊಬಸ್ಟಾದ್ದು ಹೆಚ್ಚು ನೆಟ್ಟಗೆ, ಬೀಜವೂ ಹೆಚ್ಚು ದುಂಡಗೆ. ಕಾಫಿ ಗೊತ್ತಿರೋರ ಕಣ್ಣು ಮೊದಲು ಹೋಗೋದೇ ಅಲ್ಲಿಗೆ. ತೋಟದ ಮನೆಯವರಿಗೆ ಇದು ಹೇಳಿಕೊಡೋ ಪಾಠವಲ್ಲ, ಹೊರಗಿನವರು ಮಾಡಿದ ಮಣಿಗೂ ನೀವು ಮಾಡಿದ್ದಕ್ಕೂ ಇರೋ ವ್ಯತ್ಯಾಸವೇ ಇದು.

ಬಣ್ಣದಲ್ಲೂ ಆಟ ಇದೆ. ಬಿಳಿಗೆ ಚೂರೇ ಚೂರು ಹಸಿರು, ಕಂದು ಸೇರಿಸಿದರೆ ಹುರಿಯದ ಹಸಿ ಬೀಜದ ಬಣ್ಣ. ಕಂದಿಗೆ ಕಪ್ಪು ಹೆಚ್ಚಿಸ್ತಾ ಹೋದರೆ ಹುರಿದ ಬೀಜ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಸಿಯಿಂದ ಹುರಿದದ್ದರ ತನಕ ಏಳು ಛಾಯೆ ಮಾಡಿ ನೋಡಿ. ಸರ ಬೇರೇನೇ ಕಾಣುತ್ತೆ.

ನೂರು ಮಣಿ ಬೇಕು ಅಂದ್ರೆ ಅಚ್ಚು ಮಾಡಿಕೊಳ್ಳಿ. ಕ್ಲೇಯ ದಪ್ಪ ಉಂಡೆಗೆ ಕಾರ್ನ್ ಫ್ಲೋರ್ ಸವರಿ, ಚೆಂದದ ಹುರಿದ ಬೀಜ ಒಂದನ್ನು ಅರ್ಧ ತನಕ ಒತ್ತಿ ತೆಗೆದು, ಆ ಗುಳಿಯನ್ನ ಬೇಯಿಸಿ. ತಣಿದ ಮೇಲೆ ಅದೇ ನಿಮ್ಮ ಅಚ್ಚು. ಪ್ರತಿ ಸಲವೂ ಒಳಗೆ ನೀರು ಅಥವಾ ಕಾರ್ನ್ ಫ್ಲೋರ್ ಸವರಿಕೊಳ್ಳಿ, ಇಲ್ಲದಿದ್ರೆ ಹೊಸ ಕ್ಲೇ ಅಂಟಿಕೊಂಡು ಬರೋದೇ ಇಲ್ಲ.

ಇನ್ನೂ ಮುಂದಕ್ಕೆ ಹೋಗೋರಿಗೆ ಕೇನ್ ಅನ್ನೋ ವಿದ್ಯೆ ಇದೆ. ಬೇರೆ ಬೇರೆ ಬಣ್ಣದ ಕಡ್ಡಿಗಳನ್ನ ಜೋಡಿಸಿ ದಪ್ಪ ಕೊರಡು ಕಟ್ಟಿ, ಅದನ್ನು ಎಲ್ಲ ಕಡೆಯಿಂದ ಒತ್ತಿ ಸಣ್ಣಗೆ ಉದ್ದಕ್ಕೆ ಎಳೆದು, ಅಡ್ಡಕ್ಕೆ ಕತ್ತರಿಸೋದು. ಪ್ರತಿ ಬಿಲ್ಲೆಯಲ್ಲೂ ಅದೇ ಚಿತ್ರ. ಇದು ವೆನಿಸ್‌ನ ಗಾಜಿನ ಮಣಿ ಮಾಡೋರಿಂದ ಬಂದ ಉಪಾಯ. ನೀವು ಕಾಫಿ ಹಣ್ಣನ್ನೇ ಅಡ್ಡಕ್ಕೆ ಕತ್ತರಿಸಿದ ಚಿತ್ರ ಕಟ್ಟಬಹುದು: ನಡುವೆ ಎದುರುಬದುರಾದ ಎರಡು ಬೀಜ, ಸುತ್ತ ತಿಳಿ ಹಳದಿ ಪಾರ್ಚ್‌ಮೆಂಟ್, ಹೊರಗೆ ಕೆಂಪು ಸಿಪ್ಪೆ. ಕತ್ತರಿಸೋ ಮೊದಲು ಕೊರಡನ್ನ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಚಿತ್ರ ಅಪ್ಪಚ್ಚಿ ಆಗಲ್ಲ.

ತೂತು ಮಾತ್ರ ಬೇಯಿಸೋ ಮೊದಲೇ ಮಾಡಿ. ಮಣಿಯನ್ನ ಸ್ವಲ್ಪ ತಣ್ಣಗಾಗೋಕೆ ಬಿಟ್ಟು, ಸೂಜಿಯನ್ನು ತಿರುಗಿಸ್ತಾ ತಿರುಗಿಸ್ತಾ ಅರ್ಧಕ್ಕೆ ತೂರಿಸಿ. ಆಮೇಲೆ ಆ ಕಡೆಯಿಂದ ಇನ್ನರ್ಧ. ಒಂದೇ ಕಡೆಯಿಂದ ಚುಚ್ಚಿದರೆ ಇನ್ನೊಂದು ಕಡೆ ಮೂಗಿನ ಹಾಗೆ ಉಬ್ಬಿ ಬರುತ್ತೆ.

ಬೇಯಿಸೋದು, ಮತ್ತು ನಡುವೆ ಕರೆಂಟ್ ಹೋದರೆ

ಓವನ್ ಮೊದಲು ಬಿಸಿಯಾಗಲಿ. ಥರ್ಮಾಮೀಟರ್ ಪ್ಯಾಕೆಟ್ ಮೇಲೆ ಬರೆದಷ್ಟು ತೋರಿಸಿದ ಮೇಲೆ ಮಣಿ ಒಳಗೆ. ಫಿಮೊ ಆದ್ರೆ 110 ಡಿಗ್ರಿ, 30 ನಿಮಿಷ. ಸ್ಕಲ್ಪಿಯ ಹೆಚ್ಚಿನ ಬಗೆಗಳಿಗೆ ಸುಮಾರು 135 ಡಿಗ್ರಿ. ಬ್ರ್ಯಾಂಡ್ ಬೆರೆಸಿದ್ದರೆ ಕಡಿಮೆ ಶಾಖದ್ದನ್ನ ಹಿಡಿದು ಹೆಚ್ಚು ಹೊತ್ತು ಬೇಯಿಸಿ. ನೆನಪಿಡಿ: ಸಮಯ ಹೆಚ್ಚಾದರೆ ತೊಂದರೆ ಇಲ್ಲ, ಶಾಖ ಹೆಚ್ಚಾದರೆ ತೊಂದರೆ. ದಪ್ಪ ಮಣಿಗೆ 45 ನಿಮಿಷ ಕೊಟ್ಟರೂ ಒಳ್ಳೆಯದೇ.

ದುಂಡು ಮಣಿಗಳನ್ನ ತಟ್ಟೆ ಮೇಲೆ ಹಾಗೇ ಇಟ್ಟರೆ ತಳ ಚಪ್ಪಟೆಯಾಗುತ್ತೆ. ಅಡುಗೆ ಸೋಡಾ ಹರಡಿದ ತಟ್ಟೆಯಲ್ಲಿ ಹೂತಿಡಿ, ಅಥವಾ ಕಾಗದವನ್ನ ಬೀಸಣಿಗೆ ಥರ ಮಡಚಿ ಆ ಮಡಿಕೆಗಳಲ್ಲಿ ಕೂರಿಸಿ. ಬಿಳಿ ಮಣಿ ಕಂದಾಗದ ಹಾಗೆ ಮೇಲೊಂದು ಫಾಯಿಲ್ ಹೊದಿಕೆ ಇರಲಿ.

ಈಗ ಮಲೆನಾಡಿನವರ ನಿಜವಾದ ಪ್ರಶ್ನೆ. ಗಾಳಿ ಮಳೆಗೆ ಮರ ಬಿದ್ದು ಹದಿನೈದೇ ನಿಮಿಷಕ್ಕೆ ಕರೆಂಟ್ ಹೋಯ್ತು. ಮಣಿ ಹಾಳಾಯ್ತಾ? ಇಲ್ಲ. ಓವನ್ ಬಾಗಿಲು ತೆಗೀಬೇಡಿ, ಹಾಗೇ ಬಿಡಿ. ಕರೆಂಟ್ ಬಂದ ಮೇಲೆ, ಅದು ಮರುದಿನವೇ ಬಂದರೂ ಸರಿ, ಮೊದಲಿನಿಂದ ಪೂರ್ತಿ ಸಮಯ ಮತ್ತೆ ಬೇಯಿಸಿ. ಸರಿಯಾದ ಶಾಖದಲ್ಲಿ ಎಷ್ಟು ಸಲ ಬೇಕಾದರೂ ಬೇಯಿಸಬಹುದು. ಕೆಡೋದು ಯಾವಾಗ ಅಂದ್ರೆ, ಅರ್ಧ ಬೆಂದದ್ದನ್ನೇ ಗಟ್ಟಿಯಾಗಿದೆ ಅಂತ ಮಾರಿದಾಗ.

ಓವನ್ ಇಲ್ಲದವರು ಬಾಣಲೆ, ಕುಕ್ಕರ್, ಸೌದೆ ಒಲೆಯ ಕೆಂಡ ಅಂತೆಲ್ಲ ಪ್ರಯೋಗ ಮಾಡಬೇಡಿ. ಅಲ್ಲಿ ಶಾಖ ಹಿಡಿತಕ್ಕೆ ಸಿಗಲ್ಲ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ. ಅದು ಕಣ್ಣು, ಗಂಟಲು, ಶ್ವಾಸಕೋಶವನ್ನ ಸುಡುತ್ತೆ. ಮೈಕ್ರೊವೇವ್ ಕೂಡ ಬೇಡ. ಅದರಲ್ಲಿ ಕನ್ವೆಕ್ಷನ್ ವ್ಯವಸ್ಥೆ ಇದ್ದರೆ ಅದೊಂದನ್ನೇ ಬಳಸಿ. ಘಾಟು ವಾಸನೆ, ಹೊಗೆ ಕಂಡರೆ ಸ್ವಿಚ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆದು, ಎಲ್ಲರೂ ಹೊರಗೆ ಬನ್ನಿ. ಮಳೆ ಅಂತ ಕಿಟಕಿ ಮುಚ್ಚಿಕೊಂಡು ಬೇಯಿಸೋದು ಬೇಡವೇ ಬೇಡ. ಕ್ಲೇಗೆ ಬಳಸಿದ ತಟ್ಟೆ, ಚಾಕು ಮತ್ತೆ ಅಡುಗೆಗೆ ಹೋಗಬಾರದು.

ಪರೀಕ್ಷೆ ಹೇಗೆ? ಪ್ರತಿ ಸಲ ಮಣಿಗಳ ಜೊತೆ ಅದೇ ಕ್ಲೇಯ ಒಂದು ತೆಳು ಪಟ್ಟಿ ಕೂಡ ಬೇಯಿಸಿ. ತಣಿದ ಮೇಲೆ ಬಗ್ಗಿಸಿ. ಬಗ್ಗಿ ವಾಪಸ್ ಬಂದರೆ ಪಾಸು. ಪಟಕ್ಕನೆ ಮುರಿದರೆ ಎಲ್ಲವನ್ನೂ ಮತ್ತೆ ಓವನ್‌ಗೆ ಹಾಕಿ.

ಹೊಳಪು, ದಾರ ಮತ್ತು ತೇವ

ನುಣುಪು ಬೇಕಿದ್ದರೆ ಉಪ್ಪು ಕಾಗದ, ಅಂದ್ರೆ ಸ್ಯಾಂಡ್ ಪೇಪರ್, 400ರಿಂದ ಶುರು ಮಾಡಿ 600, 1000ದ ತನಕ. ನೀರಲ್ಲಿ ಅದ್ದಿ ಉಜ್ಜಿ, ಧೂಳು ಮೂಗಿಗೆ ಹೋಗಲ್ಲ. ಕೊನೆಗೆ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿದರೆ ಹದವಾದ ಹೊಳಪು. ಉಗುರಿನ ಪಾಲಿಶ್ ಬಳಿದರೆ ಮೊದಲು ಚೆಂದ ಕಂಡು, ಆಮೇಲೆ ಅಂಟಂಟಾಗುತ್ತೆ. ನೀರು ಆಧಾರಿತ ವಾರ್ನಿಶ್ ಆಗಬಹುದು.

ನಮ್ಮ ಮಳೆಗಾಲದ ತೇವದಲ್ಲಿ ಮಣಿಗೆ ಏನೂ ಆಗಲ್ಲ. ಕೈಕೊಡೋದು ಕೊಂಡಿ ಮತ್ತು ದಾರ. ಅಗ್ಗದ ಲೋಹದ ಕೊಂಡಿ ಕಪ್ಪಾಗುತ್ತೆ, ಹತ್ತಿ ದಾರ ಬೂಸ್ಟು ಹಿಡಿಯುತ್ತೆ. ಸ್ಟೇನ್‌ಲೆಸ್ ಸ್ಟೀಲ್ ಕೊಂಡಿ, ನೈಲಾನ್ ದಾರ ಹಾಕಿ. ಮಾರೋ ಮಾಲನ್ನ ಮುಚ್ಚಳ ಗಟ್ಟಿ ಇರೋ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಬೆಲೆ ಹಾಕೋದು, ನಿಜ ಹೇಳೋದು

ಲೆಕ್ಕಕ್ಕೆ ಒಂದು ಉದಾಹರಣೆ ತಗೊಳ್ಳಿ. ಒಂದು ಸರಕ್ಕೆ ಸಾಮಾನು 60 ರೂಪಾಯಿ, ನಿಮ್ಮ ಕೆಲಸ ಒಂದೂವರೆ ಗಂಟೆ. ಗಂಟೆಗೆ 100 ರೂಪಾಯಿ ಅಂದರೆ 150. ಒಟ್ಟು 210. ಅಂಗಡಿಯವರು ಮಾರಿದ ಬೆಲೆಯಲ್ಲಿ ಶೇ 30 ತಗೊಳ್ತಾರೆ ಅಂತಿಟ್ಟುಕೊಳ್ಳಿ. ಹೆಚ್ಚಿನವರು ಏನು ಮಾಡ್ತಾರೆ? 210ಕ್ಕೆ ಶೇ 30 ಕೂಡಿಸಿ 273 ಅಂತ ಚೀಟಿ ಅಂಟಿಸ್ತಾರೆ. ಆದರೆ 273ರ ಶೇ 30 ಅಂದ್ರೆ ಸುಮಾರು 82, ಕೈಗೆ ಬರೋದು 191 ಮಾತ್ರ. ನಿಮ್ಮದೇ ಕೂಲಿಯಲ್ಲಿ 19 ರೂಪಾಯಿ ಖೋತಾ. ಸರಿಯಾದ ಲೆಕ್ಕ, 210ನ್ನ 0.7ರಿಂದ ಭಾಗಿಸೋದು: 300 ರೂಪಾಯಿ. ಅಂಗಡಿಗೆ 90, ನಿಮಗೆ 210. ಅಂಕಿಗಳನ್ನ ನಿಮ್ಮೂರಿನ ದರಕ್ಕೆ ಬದಲಿಸಿಕೊಳ್ಳಿ, ದಾರಿ ಇದೇ.

ಇನ್ನೊಂದು ಮಾತು. ಇದನ್ನ ಮಣ್ಣಿನ ಆಭರಣ, ಟೆರಾಕೋಟ, ಪರಿಸರಸ್ನೇಹಿ ಅಂತ ಹೇಳಿ ಮಾರಬೇಡಿ. ಇದು ಪ್ಲಾಸ್ಟಿಕ್ಕು, ಮಣ್ಣಲ್ಲಿ ಕರಗಲ್ಲ. ಚೀಟಿ ಮೇಲೆ "ಪಾಲಿಮರ್ ಕ್ಲೇ, ಕೈಯಲ್ಲಿ ಮಾಡಿದ್ದು" ಅಂತ ಬರೆದರೆ ಸಾಕು. ಉಜ್ಜಿದ ನೀರಿನಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿ ಇರುತ್ತೆ. ಹೇಮಾವತಿ ಹುಟ್ಟೋದು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ, ಭದ್ರೆ ಹರಿಯೋದು ಕಳಸದ ಪಕ್ಕದಲ್ಲೇ. ನಮ್ಮ ಮನೆ ಚರಂಡಿಯ ನೀರು ಕೊನೆಗೆ ಸೇರೋದು ಆ ಹೊಳೆಗಳನ್ನೇ, ಕೆಳಗಿನ ಊರುಗಳು ಕುಡಿಯೋದೂ ಅದನ್ನೇ. ಉಜ್ಜಿದ ನೀರನ್ನ ಬಕೆಟ್‌ನಲ್ಲಿ ಒಂದು ರಾತ್ರಿ ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಉಳಿದ ಗಸಿಯನ್ನ ಒಣಗಿಸಿ ಒಣಕಸಕ್ಕೆ ಹಾಕಿ. ಬೇಯಿಸದ ಚೂರುಗಳನ್ನ ಎಸೀಬೇಡಿ, ಒಳಗಿನ ಭರ್ತಿಗೆ ಆಗುತ್ತೆ. ಯಾವ ಚೂರನ್ನೂ ಬೆಂಕಿಗೆ ಹಾಕಬೇಡಿ. ಪ್ಲಾಸ್ಟಿಕ್ಕೇ ಬೇಡ ಅನ್ನೋರಿಗೆ ಟೆರಾಕೋಟ ಇದೆ, ಅದರ ಪಾಠ ಬೇರೆ.

ಮೊದಲ ಸಲಕ್ಕೆ ಏಳೇ ಮಣಿ ಮಾಡಿ. ಪಟ್ಟಿ ಬಗ್ಗಿಸಿ ನೋಡಿ, ಒಂದು ತಿಂಗಳು ನೀವೇ ಹಾಕಿಕೊಂಡು ಓಡಾಡಿ. ಮಳೆಯಲ್ಲಿ ನೆನೆದು, ಬ್ಯಾಗಿನಲ್ಲಿ ಬಿದ್ದು, ಬಸ್ಸಿನಲ್ಲಿ ಒತ್ತಿಸಿಕೊಂಡರೂ ಉಳಿದರೆ, ಆಗ ಎಂಟನೇ ಮಣಿಗೆ ಬೆಲೆ ಹಾಕಿ.

ಮಾಡಿದವರು ಫೋಟೊ ಕಳಿಸಿ, ಪ್ರಶ್ನೆ ಇದ್ದರೆ ಕೇಳಿ.